ಬಳ್ಳಾರಿ ನರ್ಸರಿಯ ಓರಿಯಂಟಲ್ ಲಿಲ್ಲಿ ಗಡ್ಡೆ: ಮಾಲು ಚೆನ್ನ, ಚೀಟಿ ನಂಬಬೇಡಿ

ಗಡ್ಡೆಗಳು ಗಟ್ಟಿಯಾಗಿವೆ, ತಳದ ಬೇರೂ ಉಳಿದಿದೆ. ತೇವದ ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಕಟ್ಟಿಕೊಡುತ್ತಾರೆ. ಈರುಳ್ಳಿಗಿರುವಂಥ ಒಣಸಿಪ್ಪೆ ಲಿಲ್ಲಿಗಿಲ್ಲ, ಹಾಗಾಗಿ ಬಯಲಲ್ಲಿಟ್ಟರೆ ಬೇಗ ಬಾಡುತ್ತದೆ. ಇಷ್ಟಕ್ಕೆ ಪೂರ್ತಿ ಅಂಕ.

ಚೀಟಿಯಲ್ಲಿ ಮಾತ್ರ ‘ವರ್ಷವಿಡೀ ನೆಡಿ’ ಅಂತಿದೆ. 40 ಡಿಗ್ರಿ ದಾಟುವ ಊರಲ್ಲಿ ಇದೆಂಥ ಮಾತು! ನವೆಂಬರ್‌ನಲ್ಲೇ ನೆಡಬೇಕು. ಶೀತಲಗೃಹದಿಂದ ಬಂದದ್ದೇ ಎಂದು ಕೇಳಿ. ಅಲ್ಲವಾದರೆ ಹೂವಿಗೆ ಬೇಕಾದ ಚಳಿ ಸಿಗಲೆಂದು ಫ್ರಿಜ್ಜಿನಲ್ಲಿ 6-8 ವಾರ ಇಡಿ, ಪಕ್ಕದಲ್ಲಿ ಸೇಬು ಬೇಡ, ಅದು ಬಿಡುವ ಎಥಿಲೀನ್ ಅನಿಲ ಮೊಗ್ಗು ಕೆಡಿಸುತ್ತದೆ.

ನಮ್ಮ ಎರೆಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಕೆಂಪುಮಣ್ಣು, ದಪ್ಪ ಮರಳು, ಎಲೆಗೊಬ್ಬರ ಸಮಪಾಲು ಬೆರೆಸಿ. 15 ಸೆಂ.ಮೀ. ಆಳಕ್ಕಿಳಿಸಿ; ಗಡ್ಡೆಯ ಮೇಲಿನ ದಂಟೂ ಬೇರು ಬಿಡುತ್ತದೆ. ಮರುವರ್ಷದ ಹೂವಿನ ಆಸೆ ಬೇಡ. ಬರೀ ಪರಿಮಳ ಸಾಕೆಂದರೆ ಸುಗಂಧರಾಜದ ‘ಪ್ರಜ್ವಲ್’ ತಳಿಯೇ ವಾಸಿ.