ಪಿಟ್ರೇಸ್: ಹಳೇ ಅಡುಗೆಮನೆ, ಅಡುಗೆ ಮಾತ್ರ ಚೆನ್ನ

ಪ್ರೋಗ್ರಾಂನ ತಪ್ಪು ಹುಡುಕುವ ಡಿಬಗರ್ ಜಿಡಿಬಿ, ಪ್ರೋಗ್ರಾಂ ಮಾಡುವ ಸಿಸ್ಟಮ್ ಕಾಲ್‌ಗಳನ್ನು (ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಇಡುವ ಬೇಡಿಕೆಗಳನ್ನು) ತೋರಿಸುವ ಎಸ್‌ಟ್ರೇಸ್, ಎರಡೂ ನಿಂತಿರುವುದು ಲಿನಕ್ಸ್ ಕರ್ನಲ್‌ನ ಪಿಟ್ರೇಸ್ ಎಂಬ ಸಿಸ್ಟಮ್ ಕಾಲ್ ಮೇಲೆ. ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿ ಒಳಗೆ ಇಣುಕಲು, ತಿದ್ದಲು ಇದೇ ದಾರಿ. ಯುನಿಕ್ಸ್ ಕಾಲದ ಮುದುಕ ಇದು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ನಾನೇ ಬರೆದ ಪ್ರೋಗ್ರಾಂ ಕಲ್ಲಿನ ಹಾಗೆ ಕೂತುಬಿಟ್ಟಿತು. ಲಾಗ್ ಖಾಲಿ. ಎಸ್‌ಟ್ರೇಸ್ ಅಂಟಿಸಲು ಹೋದರೆ ಅನುಮತಿ ಇಲ್ಲ ಅಂದಿತು. ಉಬುಂಟುವಿನಲ್ಲಿ ಯಾಮಾ ಎಂಬ ಕರ್ನಲ್‌ನ ಭದ್ರತಾ ಭಾಗದಲ್ಲಿ ಪಿಟ್ರೇಸ್ ಸ್ಕೋಪ್ ಎಂಬ ಸೆಟ್ಟಿಂಗ್ ಮೊದಲೇ 1 ಇರುತ್ತದೆ. ಅಂದರೆ ಸಾಮಾನ್ಯವಾಗಿ ತಾನು ಹುಟ್ಟಿಸಿದ ಪ್ರೋಸೆಸ್‌ಗಳನ್ನು ಮಾತ್ರ ಮುಟ್ಟಬಹುದು. ಕಿರಿಕಿರಿಯೇ. ಆದರೆ ಬ್ರೌಸರ್‌ನ ಪಾಸ್‌ವರ್ಡನ್ನು ಪಕ್ಕದ ಪ್ರೋಗ್ರಾಂ ಓದಬಾರದು, ಅಲ್ವಾ? ಸುಡೋ ಹಾಕಿ ಅಡ್ಮಿನ್ ಅಧಿಕಾರದಲ್ಲಿ ಓಡಿಸಿದೆ. ಕೊನೆಯ ಸಾಲು ಫ್ಯೂಟೆಕ್ಸ್ (ಲಾಕ್‌ಗಾಗಿ ಕಾಯುವ ಸಿಸ್ಟಮ್ ಕಾಲ್), ಅಷ್ಟೇ. ಜಿಡಿಬಿಯಲ್ಲಿ ನೋಡಿದರೆ ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಂ ಒಳಗೆ ಜೊತೆಯಾಗಿ ಓಡುವ ಎಳೆಗಳು), ಒಂದಕ್ಕೆ ಬೇಕಾದ ಲಾಕ್ ಇನ್ನೊಂದರ ಕೈಯಲ್ಲಿ. ತಪ್ಪು ನನ್ನದೇ.

ನನಗೆ ಜಾಸ್ತಿ ಇಷ್ಟವಾಗುವುದು ಬ್ರೇಕ್‌ಪಾಯಿಂಟ್, ಅಂದರೆ ಪ್ರೋಗ್ರಾಂ ಬೇಕಾದ ಜಾಗದಲ್ಲಿ ನಿಲ್ಲುವಂತೆ ಮಾಡುವ ಕೆಲಸ. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳಲ್ಲಿ ಡಿಬಗರ್ ಆ ಜಾಗದ ಒಂದೇ ಒಂದು ಬೈಟ್ ತೆಗೆದು ಇಂಟ್3 ಎಂಬ ‘ಇಲ್ಲಿ ನಿಲ್ಲು’ ಸೂಚನೆ ಕೂರಿಸುತ್ತದೆ. ಕೋಡ್ ಇರುವ ಪೇಜ್‌ಗೆ (ಮೆಮೊರಿಯ ತುಂಡಿಗೆ) ಬರೆಯುವ ಹಾಗಿಲ್ಲ ನಿಜ, ಆದರೂ ಕರ್ನಲ್ ಪಿಟ್ರೇಸ್‌ಗೆ ಬಿಡುತ್ತದೆ. ಆ ಪೇಜ್‌ನ ಬೇರೆ ಪ್ರತಿ ಮಾಡಿ ಅದರಲ್ಲಿ ಬರೆಯುತ್ತದೆ. ಅದೇ ಲೈಬ್ರರಿ ಬಳಸುವ ಬೇರೆ ಪ್ರೋಗ್ರಾಂಗಳಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕಾ ಕೈಚಳಕ!

ಗೊಣಗಾಟವೂ ಇದೆ. ಒಂದು ಥ್ರೆಡ್‌ಗೆ ಒಬ್ಬನೇ ಟ್ರೇಸರ್ (ಪಿಟ್ರೇಸ್‌ನಿಂದ ಹಿಡಿದು ನೋಡುವವನು). ಜಿಡಿಬಿ ಹಿಡಿದಿದ್ದರೆ ಎಸ್‌ಟ್ರೇಸ್ ಸುಮ್ನೆ ಹೊರಗೆ ಕಾಯಬೇಕು. ಪ್ರತಿ ಸಿಸ್ಟಮ್ ಕಾಲ್‌ಗೆ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ನಿಲ್ಲಿಸುವುದರಿಂದ ಪ್ರೋಗ್ರಾಂ ಆಮೆ ಆಗುತ್ತದೆ. ಗಿರಾಕಿಗಳು ತುಂಬಿರುವ ಸರ್ವರ್ ಮೇಲೆ ನಾನಂತೂ ಹಾಕುವುದಿಲ್ಲ, ಅಲ್ಲಿಗೆ ಪ್ರೋಗ್ರಾಂ ನಿಲ್ಲಿಸದೆ ಕರ್ನಲ್ ಒಳಗಿಂದಲೇ ನೋಡುವ ಬಿಪಿಎಫ್‌ಟ್ರೇಸ್. ಐದಕ್ಕೆ ನಾಲ್ಕು ಸ್ಟಾರ್.