ಬಿದ್ದ ಸೈಕಲ್ ಎತ್ತುವ ಮೊದಲು ಕಾರಿನ ವಿಡಿಯೊ ಮಾಡಿ

ಸೈಕಲ್ ತುಳಿಯುವವರು, ಮನೆಯಲ್ಲಿ ಸೈಕಲ್ ತುಳಿಯುವ ಮಕ್ಕಳಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರು ತಾಗಿ ಕೆಳಗೆ ಬಿದ್ದಾಗ ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೈಕಾಲು ನಡುಗುತ್ತಿರುತ್ತವೆ, ಜನ ಸೇರಿರುತ್ತಾರೆ, ಹಿಂದಿನ ಗಾಡಿಗಳು ಒಂದೇ ಸಮ ಹಾರ್ನ್ ಹೊಡೆಯುತ್ತಿರುತ್ತವೆ. ಎದುರಿಗಿರುವ ಡ್ರೈವರ್‌ಗೆ ಏಟು ಬಿದ್ದಿರುವುದಿಲ್ಲ, ಹಾಗಾಗಿ ಅವನ ತಲೆ ಚುರುಕಾಗಿ ಓಡುತ್ತಿರುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಅದೇ.

ಹಗಲು ಹೊತ್ತು, ಒಣಗಿದ ರಸ್ತೆ. ಅಂಚಿನಿಂದ ಸ್ವಲ್ಪ ಒಳಗೆ ನಾನು ನೇರವಾಗಿ ಹೋಗುತ್ತಿದ್ದೆ. ಮುಂದೆ ನನ್ನ ಬದಿಗೇ ಒಂದು ಅಡ್ಡರಸ್ತೆ ಇತ್ತು. ಹಿಂದಿನಿಂದ ಬಂದ ಕಾರು ನನ್ನನ್ನು ಓವರ್‌ಟೇಕ್ ಮಾಡಿತು. ಅದರ ಹಿಂಬಾಗಿಲು ನನ್ನ ಹ್ಯಾಂಡಲ್ ದಾಟುವ ಮುಂಚೆಯೇ ಅದೇ ಅಡ್ಡರಸ್ತೆಗೆ ತಿರುಗಿಬಿಟ್ಟಿತು. ಎರಡೂ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಹಿಂಬಾಗಿಲ ಕೆಳಭಾಗಕ್ಕೆ ಬಡಿಯಿತು, ನಾನು ಕೈ ಊರಿ ಬಿದ್ದೆ, ಹೆಲ್ಮೆಟ್‌ನ ಪಕ್ಕ ರಸ್ತೆಗೆ ತಾಗಿತು.

ಬ್ರೇಕ್ ಇನ್ನೂ ಬೇಗ ಹಿಡಿಯಬಹುದಿತ್ತಲ್ಲ ಅಂತ ಆಮೇಲೆ ಕೇಳಿದವರಿದ್ದಾರೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 5.5 ಮೀಟರ್. ಕಣ್ಣಿಗೆ ಕಂಡದ್ದು ತಲೆಗೆ ಹೋಗಿ ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೂ ಸೈಕಲ್ ಅಷ್ಟು ದೂರ ಹೋಗಿಯೇ ಇರುತ್ತದೆ. ಸಾಧಾರಣ ಕಾರಿನ ಉದ್ದವೇ 4 ಮೀಟರ್ ಚಿಲ್ಲರೆ. ಪಕ್ಕದಲ್ಲೇ ಇರುವ ಕಾರು ನಿಮ್ಮ ಕಡೆಗೆ ತಿರುಗಿದರೆ ಬ್ರೇಕ್ ಹಿಡಿಯಲು ಜಾಗವೇ ಇರುವುದಿಲ್ಲ. ಇದು ಸೈಕಲ್‌ನವರ ಚುರುಕುತನದ ಪ್ರಶ್ನೆಯಲ್ಲ.

ಈಗ ಮುಖ್ಯವಾದ ಮಾತು. ನಾನು ಬಿದ್ದಲ್ಲಿಂದ ಕಾರಿನ ಹಿಂದಿನ ದೀಪ ನೇರ ಕಣ್ಣಳತೆಯಲ್ಲಿತ್ತು. ಬ್ರೇಕ್ ಲೈಟ್ ಕೆಂಪಗೆ ಉರಿಯುತ್ತಿತ್ತು, ಪಕ್ಕದ ಹಳದಿ ದೀಪ ಆರಿತ್ತು. ಕಾರು ನಿಂತು, ಒಂದೆರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ಆ ಹಳದಿ ದೀಪ ಮಿನುಗಲು ಶುರುವಾಯಿತು. ಆಮೇಲೆ ಬಾಗಿಲು ತೆರೆಯಿತು. ಇಳಿದವನ ಮೊದಲ ಮಾತು, "ಏನ್ರೀ, ಇಂಡಿಕೇಟರ್ ಹಾಕಿರೋದು ಕಾಣಲ್ವಾ? ಕಣ್ಣು ಎಲ್ಲಿಟ್ಕೊಂಡು ಬರ್ತೀರಿ?"

ಗುದ್ದಿದ ಮೇಲೆ ಇಂಡಿಕೇಟರ್ ಹಾಕಿದ್ದು! ನನಗೆ ಮೈ ಉರಿದುಹೋಯಿತು. ಆದರೆ ಸುತ್ತ ಬಂದು ಸೇರಿದವರಿಗೆ ಕಂಡದ್ದು ಮಿನುಗುತ್ತಿರುವ ದೀಪ ಮತ್ತು ಕಾರಿಗೆ ಹೋಗಿ ಗುದ್ದಿದ ಸೈಕಲ್ ಮಾತ್ರ. ಒಬ್ಬರಂತೂ ನನಗೇ ಬುದ್ಧಿ ಹೇಳಲು ಶುರು ಮಾಡಿದರು.

ಜನ ತನ್ನ ಕಡೆ ಇದ್ದಾರೆ ಅನ್ನಿಸಿದ ಕೂಡಲೇ ಅವನ ದನಿ ಬದಲಾಯಿತು. "ಏನೂ ಆಗಿಲ್ಲ ಅಲ್ವಾ? ಚಕ್ರ ತಾನೇ, ನಾನೇ ಮಾಡಿಸ್ಕೊಡ್ತೀನಿ ಬಿಡಿ. ಪೊಲೀಸು ಗಿಲೀಸು ಅಂತ ಯಾಕೆ, ನನ್ನ ನಂಬರ್ ತಗೊಳ್ಳಿ. ಟ್ರಾಫಿಕ್ ಆಗ್ತಿದೆ, ಗಾಡಿ ಸೈಡಿಗೆ ಹಾಕ್ತೀನಿ." ಇದು ಒಳ್ಳೆಯತನ ಅಂತ ನಂಬಬೇಡಿ. ಕಾರು ಅಡ್ಡರಸ್ತೆಯ ಬಾಯಲ್ಲಿ ಓರೆಯಾಗಿ ನಿಂತಿರುವುದು, ಮುಂದಿನ ಚಕ್ರಗಳು ಪೂರ್ತಿ ತಿರುಗಿರುವುದು, ಸೈಕಲ್ ಬಿದ್ದಿರುವ ಜಾಗ, ಇವೆಲ್ಲ ನಿಮ್ಮ ಪರವಾಗಿ ಮಾತಾಡುವ ವಸ್ತುಗಳು. ಗಾಡಿ ಪಕ್ಕಕ್ಕೆ ಸರಿದ ಕ್ಷಣದಿಂದ ಉಳಿಯುವುದು ಅವನ ಮಾತು ಮತ್ತು ನಿಮ್ಮ ಮಾತು.

ಆ ದಿನ ನನ್ನನ್ನು ಉಳಿಸಿದ್ದು ಹಿಂದೆ ಸ್ಕೂಟರ್‌ನಲ್ಲಿ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು. ಗಾಡಿಗೆ ಸ್ಟ್ಯಾಂಡ್ ಹಾಕಿ ನೇರ ಡ್ರೈವರ್ ಮುಂದೆ ಬಂದು ನಿಂತರು. "ಗಾಡಿ ತೆಗೀಬೇಡಿ. ಮೊದಲು ಇವರು ಫೋಟೊ ತೆಗೀಲಿ. ಆ ಲೈಟು ನೀವು ಈಗ ಹಾಕಿದ್ದು, ನಾನು ನೋಡಿದೀನಿ." "ನಿಮಗ್ಯಾಕಮ್ಮಾ ಊರ ಉಸಾಬರಿ" ಅಂದ. ಆಕೆ ಜಗ್ಗಲಿಲ್ಲ. ನನ್ನ ಹತ್ತಿರ ಬಂದು ತಮ್ಮ ಫೋನ್ ನಂಬರ್ ಹೇಳಿ, ಬರೆದುಕೊಳ್ಳುವವರೆಗೂ ಕಾದರು. ಅವರಿಗೆ ನಾನು ಎಷ್ಟು ಋಣಿಯಾಗಿದ್ದೇನೆ ಎಂದು ಹೇಳಲು ಬಾರದು.

ಬರೀ ಫೋಟೊ ಸಾಲದು, ವಿಡಿಯೊ ಮಾಡಿ. ಫೋಟೊದಲ್ಲಿ ಇಂಡಿಕೇಟರ್ ಉರಿದ ಗಳಿಗೆ ಸಿಕ್ಕರೆ ಒಂದು ಅರ್ಥ, ಆರಿದ ಗಳಿಗೆ ಸಿಕ್ಕರೆ ಇನ್ನೊಂದು ಅರ್ಥ. ವಿಡಿಯೊದಲ್ಲಿ ಮಾತೂ ಸೇರುತ್ತದೆ, ಡ್ರೈವರ್‌ನ ಮುಖವೂ ಬರುತ್ತದೆ. ಮೊದಲು ದೂರದಿಂದ ಇಡೀ ತಿರುವು, ಕಾರು, ಸೈಕಲ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರಲಿ. ಆಮೇಲೆ ಹತ್ತಿರ ಹೋಗಿ ನಂಬರ್ ಪ್ಲೇಟ್, ತಿರುಗಿರುವ ಚಕ್ರ, ಬಾಗಿಲ ಮೇಲಿನ ಗೀರು, ರಸ್ತೆ ಮೇಲಿನ ಟಯರ್ ಗುರುತು. ಇದಕ್ಕೆಲ್ಲ ಒಂದು ನಿಮಿಷ ಸಾಕು. ಏಳಲಾಗದಷ್ಟು ಏಟಾಗಿದ್ದರೆ ಅಲ್ಲಿರುವ ಯಾರನ್ನಾದರೂ ಬೊಟ್ಟು ಮಾಡಿ, "ನೀಲಿ ಶರ್ಟ್‌ನವರೇ, ನೀವು ವಿಡಿಯೊ ಮಾಡಿ" ಅನ್ನಿ. "ಯಾರಾದರೂ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ.

ಅವನು ಕೊಟ್ಟ ಫೋನ್ ನಂಬರ್ ಯಾರದೋ ಆಗಿತ್ತು. ಅದಕ್ಕೆ ಹೇಳುತ್ತಿದ್ದೇನೆ, ಯಾರೇ ನಂಬರ್ ಕೊಟ್ಟರೂ ಎದುರಿಗೇ ನಿಂತು ಕಾಲ್ ಮಾಡಿ, ಅವರ ಫೋನ್ ರಿಂಗ್ ಆಗಲಿ. ನಿಜವಾಗಿ ಕೆಲಸಕ್ಕೆ ಬರುವುದು ನಂಬರ್ ಪ್ಲೇಟ್. ಲೈಸೆನ್ಸ್, ಇನ್ಶೂರೆನ್ಸ್ ಕಾಗದ ತೋರಿಸಿದರೆ ಅದರದ್ದೂ ಫೋಟೊ ಇರಲಿ.

ಆದರೆ ಅವನು ಹೊರಟರೆ ತಡೆಯಲು ಹೋಗಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಾರಿನ ಮುಂದೆ ನಿಲ್ಲಬೇಡಿ, ಬಾಗಿಲು ಹಿಡಿಯಬೇಡಿ, ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಳ್ಳಬೇಡಿ, ಸೈಕಲ್ ಹತ್ತಿ ಬೆನ್ನಟ್ಟಬೇಡಿ. ಆತುರದಲ್ಲಿ ತಿರುಗಿ ನಿಮ್ಮನ್ನು ಬೀಳಿಸಿದವನು ಸಿಟ್ಟಿನಲ್ಲಿ ಇನ್ನೂ ಕೆಟ್ಟದಾಗಿ ಓಡಿಸುತ್ತಾನೆ. ಟನ್ ತೂಕದ ಗಾಡಿ ಅವನ ಕಾಲ ಕೆಳಗಿದೆ, ನಿಮ್ಮ ಹತ್ತಿರ ಏನೂ ಇಲ್ಲ. ಬೈಗುಳಕ್ಕೆ ಬೈಗುಳ ಕೊಟ್ಟರೆ ಅದೂ ಯಾರದೋ ಫೋನಿನಲ್ಲಿ ಸೇರಿ, ಆಮೇಲೆ "ಸೈಕಲ್‌ನವನೇ ಜಗಳ ತೆಗೆದ" ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ನಂಬರ್ ಪ್ಲೇಟ್ ಸಿಕ್ಕಿದ್ದರೆ ಹೋಗಲಿ ಬಿಡಿ.

ದೂರು ಕೊಟ್ಟ ಮೇಲೆ ಅವನ ಕಥೆ ಇನ್ನೊಂದು ರೂಪ ತಾಳಿತು. ತಾನು ಮೊದಲೇ ನಿಧಾನ ಮಾಡಿ, ಇಂಡಿಕೇಟರ್ ಹಾಕಿ ತಿರುಗುತ್ತಿದ್ದನಂತೆ, ನಾನು ಹಿಂದಿನಿಂದ ಅಂಚಿನ ಸಂದಿಯಲ್ಲಿ ನುಗ್ಗಿ ಬಂದೆನಂತೆ. ಹಿಂಬಾಗಿಲ ಮೇಲಿನ ಗೀರನ್ನಷ್ಟೇ ನೋಡಿದರೆ ಅದು ಅವನ ಕಥೆಗೂ ಹೊಂದುತ್ತದೆ, ನನ್ನ ಕಥೆಗೂ ಹೊಂದುತ್ತದೆ. ಯಾರು ಯಾರನ್ನು ದಾಟಿದರು ಅನ್ನುವುದನ್ನು ಗೀರು ಹೇಳುವುದಿಲ್ಲ. ಅದನ್ನು ಹೇಳಿದ್ದು ಆ ಸ್ಕೂಟರ್‌ನ ಅಮ್ಮ, ಮತ್ತು ಅವರ ಹಿಂದೆ ನಿಂತಿದ್ದ ಇನ್ನೊಂದು ಕಾರಿನ ಮುಂಗಾಜಿನ ಹತ್ತಿರ ಇಟ್ಟಿದ್ದ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್. ಆ ಕಾರಿನವರನ್ನು ಅಲ್ಲೇ ಕೇಳಿ ನಂಬರ್ ಪಡೆದಿದ್ದರಿಂದ ಕ್ಲಿಪ್ ಸಿಕ್ಕಿತು. ಡ್ಯಾಶ್‌ಕ್ಯಾಮ್‌ಗಳಲ್ಲಿ ಕಾರ್ಡ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ರಸ್ತೆ ಬದಿಯ ಸಿಸಿಟಿವಿಗಳದ್ದೂ ಸಾಮಾನ್ಯವಾಗಿ ಅದೇ ಕತೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂದರೆ ಅಳಿಸಿಹೋಗಿರುತ್ತದೆ. ಅದೇ ದಿನ ಕೇಳಿ, ಕ್ಲಿಪ್ ಉಳಿಸಿಡಿ ಅಂತ ಕೈಮುಗಿದು ಬೇಡಿ.

ಇನ್ನು ದೇಹದ ಮಾತು. ಬಿದ್ದ ಹೊಸತರಲ್ಲಿ ಅಡ್ರಿನಲಿನ್ ಏರಿರುವುದರಿಂದ ನೋವು ಸರಿಯಾಗಿ ತಿಳಿಯುವುದೇ ಇಲ್ಲ. "ಏನೂ ಆಗಿಲ್ಲ ಅಲ್ವಾ?" ಅಂತ ಡ್ರೈವರ್ ಕೇಳಿದಾಗ "ಇಲ್ಲ" ಅನ್ನಬೇಡಿ. "ಡಾಕ್ಟರ್ ನೋಡಿದ ಮೇಲೆ ಗೊತ್ತಾಗುತ್ತೆ" ಅನ್ನಿ. ನನಗೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯತೊಡಗಿತು. ಹೆಬ್ಬೆರಳನ್ನು ಮೇಲಕ್ಕೆ ಚಾಚಿ ಹಿಡಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಎರಡು ನರಗಳಂಥ ಎಳೆಗಳ ನಡುವೆ ಸಣ್ಣ ಗುಳಿ ಕಾಣುತ್ತದೆ. ಡಾಕ್ಟರ್ ಅಲ್ಲಿ ಒತ್ತಿದರು, ನಾನು ಕೂಗಿಕೊಂಡೆ. ಅಲ್ಲಿರುವುದು ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆ. ಕೈ ಊರಿ ಬಿದ್ದವರಲ್ಲಿ ಮುರಿಯುವ ಮೂಳೆಗಳಲ್ಲಿ ಇದೂ ಒಂದು, ಮತ್ತು ಇದರ ಬಿರುಕು ಮೊದಲ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ನನ್ನದೂ ಕಾಣಲಿಲ್ಲ. ಆದರೂ ಅವರು ಪಟ್ಟಿ ಹಾಕಿ ಕೈ ಅಲುಗದಂತೆ ಮಾಡಿ, ಒಂದೆರಡು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಎರಡನೇ ಎಕ್ಸ್-ರೇಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಈ ಮೂಳೆಯ ಒಂದು ಭಾಗಕ್ಕೆ ರಕ್ತ ಹರಿಯುವುದು ಕಡಿಮೆ. ಉಳುಕು ಅಂತ ಎಣ್ಣೆ ತಿಕ್ಕಿಕೊಂಡು ಕೂತರೆ ಕೂಡಿಕೊಳ್ಳದೇ ಉಳಿದು, ಮುಂದೆ ಮಣಿಕಟ್ಟೇ ಸವೆಯಬಹುದು.

ತಲೆ ತಾಗಿದ್ದರೆ ಇನ್ನೂ ಎಚ್ಚರ ಬೇಕು. ತಲೆನೋವು ಹೆಚ್ಚುತ್ತಾ ಹೋಗುವುದು, ವಾಂತಿ, ವಿಪರೀತ ನಿದ್ದೆಗಣ್ಣು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವು ಗಂಟೆಗಳು ಕಳೆದ ಮೇಲೂ ಶುರುವಾಗಬಹುದು. ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ಆ ರಾತ್ರಿ ಒಬ್ಬರೇ ಇರಬೇಡಿ. ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ಥರ್ಮೊಕೋಲಿನಂಥ ಪದರ ತಾನು ನಜ್ಜಾಗಿ ಏಟನ್ನು ಹೀರಿಕೊಳ್ಳುತ್ತದೆ, ಒಮ್ಮೆ ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಿ, ಅದೂ ಸಾಕ್ಷಿ.

ಸೈಕಲ್‌ಗೂ ಇದೇ ಮಾತು. "ಚಕ್ರ ತಾನೇ" ಅಂದನಲ್ಲ, ಚಕ್ರದ ಜೊತೆ ಅದನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕ್ ಕೂಡ ಹಿಂದಕ್ಕೆ ಬಾಗಿತ್ತು. ಎದುರು ಗುದ್ದಿದ ಸೈಕಲ್‌ನಲ್ಲಿ ಹ್ಯಾಂಡಲ್ ಕೆಳಗೆ, ಫ್ರೇಮಿನ ಕೊಳವೆಗಳು ಬಂದು ಕೂಡುವ ಜಾಗದ ಹಿಂದೆ ಬೆರಳಾಡಿಸಿ ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ಸಿಕ್ಕರೆ ಫ್ರೇಮ್ ಹೋಯಿತು ಅಂತಲೇ ಲೆಕ್ಕ. ಕಾರ್ಬನ್ ಫ್ರೇಮ್ ಆದರೆ ಹೊರಗೆ ಏನೂ ಕಾಣದೆಯೂ ಒಳಗೆ ಸೀಳಿರಬಹುದು, ತಿಳಿದವರ ಕೈಲಿ ಪರೀಕ್ಷೆ ಮಾಡಿಸದೆ ಹತ್ತಬೇಡಿ. ಸ್ಥಳದಲ್ಲೇ ರಿಪೇರಿ ಖರ್ಚಿಗೆ ಒಪ್ಪಿಕೊಂಡರೆ ಇದೆಲ್ಲ ನಿಮ್ಮ ತಲೆ ಮೇಲೆ ಬೀಳುತ್ತದೆ.

ಇಂಥ ತಿರುವನ್ನು ಮೊದಲೇ ಗುರುತಿಸಬಹುದಾ? ಎಲ್ಲ ಸಲವೂ ಆಗುವುದಿಲ್ಲ, ಕೆಲವು ಸಲ ಆಗುತ್ತದೆ. ಅಡ್ಡರಸ್ತೆ ಹತ್ತಿರವಿರುವಾಗ ನಿಮ್ಮನ್ನು ದಾಟಿದ ಕಾರು ಮುಂದೆ ಹೋಗದೆ ಪಕ್ಕದಲ್ಲೇ ನಿಧಾನವಾದರೆ ಅನುಮಾನ ಪಡಿ. ಇಂಡಿಕೇಟರ್ ನಂಬಬೇಡಿ, ಮುಂದಿನ ಚಕ್ರ ನೋಡಿ. ಕಾರಿನ ಮೈ ತಿರುಗುವ ಮೊದಲು ಚಕ್ರ ತಿರುಗುತ್ತದೆ. ತಿರುವು ಬರುವಾಗ ಅಂಚಿಗೆ ಅಂಟಿಕೊಂಡು ಹೋಗುವುದಕ್ಕಿಂತ, ಹಿಂದೆ ನೋಡಿಕೊಂಡು, ಜಾಗವಿದ್ದರೆ ಸ್ವಲ್ಪ ಒಳಗೆ ಬನ್ನಿ. ಆಗ ನಿಮ್ಮನ್ನು ಸಂದಿಯಲ್ಲಿ ಸಿಕ್ಕಿಸಿ ತಿರುಗುವುದು ಅವರಿಗೆ ಕಷ್ಟ. ಲಾರಿ, ಬಸ್ಸುಗಳ ಪಕ್ಕದಲ್ಲಂತೂ ಸಿಗ್ನಲ್‌ನಲ್ಲಿ ನಿಲ್ಲಲೇಬೇಡಿ. ಉದ್ದ ಗಾಡಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಬದಿಗೆ ಸರಿಯುತ್ತವೆ, ಮತ್ತು ಅಲ್ಲಿರುವವರು ಡ್ರೈವರ್‌ಗೆ ಕಾಣದೇ ಹೋಗಬಹುದು.

"ತಿರುಗೋ ಗಾಡಿಗೆ ನೀವೇ ದಾರಿ ಬಿಡಬೇಕು" ಅಂತ ಅವನು ಕೊನೆಯವರೆಗೂ ವಾದಿಸಿದ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ಗೆ 2022ರ ಜನವರಿಯಲ್ಲಿ ಸೇರಿಸಿದ ನಿಯಮ ಹೇಳುವುದು ಇದಕ್ಕೆ ತೀರಾ ವಿರುದ್ಧ: ನೇರ ಹೋಗುತ್ತಿರುವ ಸೈಕಲ್ ಸವಾರನಿಗೆ ಅಡ್ಡವಾಗಿ ತಿರುಗಬಾರದು, ಅವನು ದಾಟಿ ಹೋಗುವವರೆಗೆ ಕಾಯಬೇಕು. ಜರ್ಮನಿ 2020ರಲ್ಲಿ ಊರೊಳಗೆ ಸೈಕಲ್ ದಾಟುವ ಕಾರುಗಳು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು ಅಂತ ನಿಯಮ ಮಾಡಿತು, ಊರಾಚೆ 2 ಮೀಟರ್. ಹೀಗೆ ಬರೆದಿಡಬೇಕಾಗಿ ಬಂದದ್ದೇ ಈ ತಪ್ಪು ಎಲ್ಲ ಕಡೆ ನಡೆಯುತ್ತಿರುವುದರಿಂದ. ನೀವಿರುವ ಕಡೆಯ ನಿಯಮ ಏನು ಅಂತ ಇವತ್ತೇ ತಿಳಿದಿಟ್ಟುಕೊಳ್ಳಿ, ಬಿದ್ದ ಮೇಲೆ ಹುಡುಕಲು ಪುರುಸೊತ್ತಿರುವುದಿಲ್ಲ.

ಕಾರು ಓಡಿಸುವವರಲ್ಲಿ ನನ್ನದು ಒಂದೇ ಕೋರಿಕೆ. ಮುಂದೆ ನೀವು ತಿರುಗಬೇಕಿದೆ, ನಡುವೆ ಒಂದು ಸೈಕಲ್ ಇದೆ ಅಂದರೆ ಅದರ ಹಿಂದೆಯೇ ಉಳಿಯಿರಿ. ನಿಮಗೆ ತಡವಾಗುವುದು ಕೆಲವೇ ಸೆಕೆಂಡ್. ನಾನು ವಾರಗಟ್ಟಲೆ ಒಂದೇ ಕೈಯಲ್ಲಿ ಗುಂಡಿ ಹಾಕಿಕೊಂಡೆ, ಊಟ ಕಲಸಿಕೊಳ್ಳಲು ಒದ್ದಾಡಿದೆ, ಪೆನ್ನು ಹಿಡಿಯಲಾಗದೆ ಕೆಲಸ ಬಾಕಿ ಬಿತ್ತು.

ಕೊನೆಯದಾಗಿ, ಇದು ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ಮೊದಲ ಎಕ್ಸ್-ರೇ ಸರಿಯಿದೆ ಅಂತ ಹೇಗೋ ತಿಳಿದುಕೊಂಡು ಅವನ ಕಡೆಯವರು ಮನೆ ಬಾಗಿಲಿಗೆ ಬಂದರು. ಹಣ್ಣು ತಂದಿದ್ದರು, ಮಾತು ತುಂಬಾ ಮೆತ್ತಗಿತ್ತು. "ಏನೂ ತೊಂದರೆ ಇಲ್ಲ, ದೂರು ವಾಪಸ್ ತಗೋತೀನಿ" ಅಂತ ಮೊದಲೇ ಬರೆದು ತಂದ ಕಾಗದಕ್ಕೆ ಸಹಿ ಕೇಳಿದರು. ಡಾಕ್ಟರ್ ಮತ್ತೆ ಬರಲು ಹೇಳಿದ್ದಾರೆ, ಅದಾಗುವವರೆಗೆ ಯಾವುದಕ್ಕೂ ಸಹಿ ಇಲ್ಲ ಅಂದು ಕಳಿಸಿದೆ. ಬಿರುಕು ಕಂಡದ್ದು ಅದಾದ ಮುಂದಿನ ವಾರ. ನಿಮ್ಮ ಮನೆಗೂ ಹೀಗೆ ಯಾರಾದರೂ ಬಂದರೆ ಕೂರಿಸಿ ಮಾತಾಡಿ, ಕಾಗದವನ್ನು ಮಾತ್ರ ಮುಟ್ಟಬೇಡಿ.