ಹಳೆಯ ಗೇಮ್ ಕನ್ಸೋಲ್‌ಗಳಿಗೆ ಪಿಕ್ಚರ್ ಟ್ಯೂಬ್ ಟಿವಿ ಮತ್ತು ಕೇಬಲ್: ಹಲವು ವರ್ಷ ಬಳಸಿದ ಮೇಲೆ

ಹಳೆಯ ವಿಡಿಯೊ ಗೇಮ್ ಕನ್ಸೋಲ್ ಇಟ್ಟುಕೊಂಡ ಗೆಳೆಯರು ನನ್ನನ್ನು ಮೊದಲು ಕೇಳುವುದು ಕೇಬಲ್ ಬಗ್ಗೆ. ನನ್ನ ಉತ್ತರ ಮಾತ್ರ ಟಿವಿಯಿಂದ ಶುರುವಾಗುತ್ತದೆ. ದುಡ್ಡು, ಓಡಾಟ, ತಾಳ್ಮೆ ಮೂರನ್ನೂ ಮೊದಲು ಆರೋಗ್ಯವಾಗಿರುವ ಪಿಕ್ಚರ್ ಟ್ಯೂಬ್ ಹುಡುಕುವುದಕ್ಕೆ ಮೀಸಲಿಡಿ. ಆಮೇಲೆ ಒಂದೊಂದು ಕನ್ಸೋಲಿಗೂ ಅದಕ್ಕೆ ಒಗ್ಗುವ ಕೇಬಲ್ ನೋಡಿ. ಸೋತುಹೋದ ಟ್ಯೂಬಿಗೆ ಎಂಥ ಕೇಬಲ್ ಜೋಡಿಸಿದರೂ ಚಿತ್ರ ಮಂಕಾಗಿಯೇ ಇರುತ್ತದೆ.

ನನ್ನ ಬಳಿ ಎರಡು ಟಿವಿಗಳಿವೆ. ಒಂದು 21 ಇಂಚಿನ ಉಬ್ಬು ಪರದೆಯ ಸೋನಿ ಟ್ರಿನಿಟ್ರಾನ್. ಅದರ ಹಿಂಬದಿಯಲ್ಲಿ ಸಾಮಾನ್ಯ ಎವಿ ಪಿನ್ ಮತ್ತು ಆಂಟೆನಾ ಕಿಂಡಿ ಬಿಟ್ಟರೆ ಬೇರೇನೂ ಇಲ್ಲ. ಇನ್ನೊಂದು ಬೇರೆ ಕಂಪನಿಯ 29 ಇಂಚಿನ ಚಪ್ಪಟೆ ಪರದೆಯ ಟಿವಿ. ಅದರಲ್ಲಿ ಎಸ್-ವಿಡಿಯೊ ಇದೆ, ಡಿವಿಡಿ ಪ್ಲೇಯರ್‌ಗೆಂದು ಕೊಟ್ಟ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ಪಿನ್‌ಗಳೂ ಇವೆ. ಇವಕ್ಕೆ ನಾನು ಜೋಡಿಸುವುದು ನಾಲ್ಕು ಯಂತ್ರಗಳನ್ನು: ಒಂದು ಕಾಲಕ್ಕೆ ನಮ್ಮ ಅಂಗಡಿಗಳಲ್ಲಿ ಟಿವಿ ಗೇಮ್ ಎಂದು ಮಾರುತ್ತಿದ್ದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು, ಸೆಗಾ ಮೆಗಾ ಡ್ರೈವ್, ಜಪಾನಿನಿಂದ ತರಿಸಿದ ಸೂಪರ್ ಫ್ಯಾಮಿಕಾಮ್ ಮತ್ತು ಪ್ಲೇಸ್ಟೇಷನ್ 2.

ಎಲ್‌ಇಡಿ ಟಿವಿಯಲ್ಲೇ ಆಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಡಬಹುದು, ಆದರೆ ಈ ಯಂತ್ರಗಳನ್ನು ತಯಾರಿಸಿದ್ದು ಆ ಪರದೆಗೆಂದಲ್ಲ. ದೂರದರ್ಶನದ ಚಿತ್ರ ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ ಎಂದು ಎರಡು ಕಂತುಗಳಲ್ಲಿ ಬರುತ್ತಿತ್ತು. ಹಳೆಯ ಕನ್ಸೋಲ್‌ಗಳು ಈ ಪದ್ಧತಿಯನ್ನು ಜಾಣತನದಿಂದ ಮುರಿದವು. ಸುಮಾರು 240 ಸಾಲುಗಳ ಚಿತ್ರವನ್ನು ಸೆಕೆಂಡಿಗೆ 60 ಸಲ, ಪ್ರತಿ ಸಲವೂ ಅದೇ ಸಾಲುಗಳ ಮೇಲೆ ಬೀಳುವಂತೆ ಕಳಿಸಿದವು. ಹಾಗಾಗಿ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ತೆಳುವಾದ ಕಪ್ಪು ಗೆರೆ ಉಳಿಯುತ್ತದೆ. ಕಣ್ಣು ಆ ಗೆರೆಗಳ ನಡುವಿನ ಚುಕ್ಕಿಗಳನ್ನು ತಾನೇ ಕೂಡಿಸಿಕೊಂಡು, ಇರುವುದಕ್ಕಿಂತ ಹೆಚ್ಚಿನ ವಿವರವನ್ನು ಕಾಣುತ್ತದೆ. ಹೊಸ ಟಿವಿಗಳಲ್ಲಿ ಬಹಳಷ್ಟು ಈ ಸಿಗ್ನಲ್ಲನ್ನು ಎರಡು ಕಂತಿನ ಚಿತ್ರವೆಂದೇ ಭಾವಿಸಿ ಹೊಸೆಯಲು ಹೋಗುತ್ತವೆ. ಅಂಚುಗಳು ನಡುಗುತ್ತವೆ, ಬಣ್ಣ ಮೆತ್ತಿಕೊಳ್ಳುತ್ತದೆ, ಗುಂಡಿ ಒತ್ತಿದ್ದಕ್ಕೂ ಪಾತ್ರ ಜಿಗಿಯುವುದಕ್ಕೂ ನಡುವೆ ಅಂತರ ಬೀಳುತ್ತದೆ. ಕನ್ಸೋಲಿಗೂ ಹೊಸ ಟಿವಿಗೂ ನಡುವೆ ಇಟ್ಟು ಸಾಲು ದ್ವಿಗುಣಗೊಳಿಸುವ ಓಎಸ್‌ಎಸ್‌ಸಿಯಂಥ ಪೆಟ್ಟಿಗೆಗಳು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸುತ್ತವೆ ಎಂಬುದೂ ನಿಜ. ಆದರೆ ಆಟಿಕೆ ಬಂದೂಕು ಹಿಡಿದು ಪರದೆಯ ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಡಬೇಕೆಂದರೆ ಅವೂ ನೆರವಿಗೆ ಬರುವುದಿಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಸೆನ್ಸರ್ ಅದನ್ನು ಆ ಗಳಿಗೆಯಲ್ಲೇ ಗುರುತಿಸಬೇಕು. ಇದು ಕೆಲಸ ಮಾಡುವುದು ಟ್ಯೂಬಿನ ಮುಂದೆ ಮಾತ್ರ.

ಟ್ಯೂಬ್ ಟಿವಿ ಎಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 100 ಹರ್ಟ್ಸ್ ಎಂದು ಬರೆದ ದುಬಾರಿ ಟಿವಿಗಳನ್ನು ಬಿಟ್ಟುಬಿಡಿ. ಅವು ಚಿತ್ರವನ್ನು ಡಿಜಿಟಲ್ ಮಾಡಿ, ಹಿಡಿದಿಟ್ಟು, ಮತ್ತೆ ಬಿಡುತ್ತವೆ. ಅಲ್ಲಿಯೂ ವಿಳಂಬವಿದೆ, ಬಂದೂಕೂ ನಡೆಯುವುದಿಲ್ಲ. ನಮಗೆ ಬೇಕಾದದ್ದು ಮನೆಮನೆಯಲ್ಲಿದ್ದ ಸಾಮಾನ್ಯ ಟಿವಿ. ಭಾರತದಲ್ಲಿ 2010ರ ನಂತರವೂ ಟ್ಯೂಬ್ ಟಿವಿಗಳು ಮಾರಾಟವಾಗುತ್ತಿದ್ದವು. ಹಾಗಾಗಿ ಹೆಚ್ಚು ಸವೆಯದ ಟ್ಯೂಬುಗಳು ಇನ್ನೂ ಸಿಗುತ್ತವೆ. ಬೆಂಗಳೂರಿನದೇ ಕಂಪನಿಯಾದ ಬಿಪಿಎಲ್‌ನ ಟಿವಿಗಳು, ಒನಿಡಾ, ವಿಡಿಯೊಕಾನ್, ಫಿಲಿಪ್ಸ್ ಎಲ್ಲವನ್ನೂ ನಾನು ಗೆಳೆಯರ ಮನೆಗಳಲ್ಲಿ ಆಡಿ ನೋಡಿದ್ದೇನೆ. ಹೆಸರಿಗಿಂತ ಟ್ಯೂಬಿನ ಸ್ಥಿತಿಯೇ ದೊಡ್ಡದು.

ಆದರೂ ಟ್ರಿನಿಟ್ರಾನ್ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ. 1968ರಲ್ಲಿ ಸೋನಿ ತಂದ ಈ ಟ್ಯೂಬಿನಲ್ಲಿ ತೂತುಗಳ ತಗಡಿಗೆ ಬದಲಾಗಿ ಮೇಲಿಂದ ಕೆಳಗೆ ಬಿಗಿದ ಸಣ್ಣ ಪಟ್ಟಿಗಳಿರುತ್ತವೆ. ಹೆಚ್ಚು ಎಲೆಕ್ಟ್ರಾನ್‌ಗಳು ಪರದೆಯವರೆಗೆ ತಲುಪುವುದರಿಂದ ಬೆಳಕು ಜಾಸ್ತಿ, ಬಣ್ಣ ತುಂಬಿಕೊಂಡಿರುತ್ತದೆ. ಗಾಜು ಅಡ್ಡಕ್ಕೆ ಮಾತ್ರ ಬಾಗಿರುತ್ತದೆ, ಉದ್ದಕ್ಕೆ ನೇರ. ಬಿಳಿ ಹಿನ್ನೆಲೆ ಬಂದಾಗ ಹತ್ತಿರ ಹೋಗಿ ನೋಡಿದರೆ, ಕೂದಲೆಳೆಯಷ್ಟು ಸಣ್ಣ ನೆರಳಿನ ಗೆರೆಯೊಂದು ಪರದೆಗೆ ಅಡ್ಡವಾಗಿ ಕಾಣುತ್ತದೆ. ಪಟ್ಟಿಗಳು ನಡುಗದಂತೆ ಹಿಡಿದ ತಂತಿಯ ನೆರಳು ಅದು. ದೊಡ್ಡ ಟ್ಯೂಬುಗಳಲ್ಲಿ ಎರಡಿರುತ್ತವೆ. ದೋಷವೆಂದು ತಿಳಿದು ಒಳ್ಳೆಯ ಟಿವಿಯನ್ನು ಬಿಟ್ಟುಬರಬೇಡಿ.

ಗುಜರಿ ಅಂಗಡಿಯಲ್ಲೋ ರಿಪೇರಿ ಅಂಗಡಿಯಲ್ಲೋ ಟಿವಿ ನೋಡಲು ಹೋಗುವಾಗ ನಾನು ಒಂದು ಸಣ್ಣ ಡಿವಿಡಿ ಪ್ಲೇಯರ್ ಜತೆಗೆ ಒಯ್ಯುತ್ತೇನೆ. ಅದರಲ್ಲಿ ಪೂರ್ತಿ ಬಿಳಿ, ಪೂರ್ತಿ ಕೆಂಪು, ಚೌಕುಳಿ ಗೆರೆ ಇಷ್ಟೇ ಚಿತ್ರಗಳು. ತಣ್ಣಗಿರುವ ಟಿವಿಯನ್ನು ನನ್ನೆದುರೇ ಆನ್ ಮಾಡಿಸುತ್ತೇನೆ. ಮೊದಲೇ ಕಾಯಿಸಿಟ್ಟ ಟಿವಿ ತನ್ನ ಮುಪ್ಪನ್ನು ಮುಚ್ಚಿಡುತ್ತದೆ. ಒಳ್ಳೆಯ ಟ್ಯೂಬು ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಬೆಳಕಿಗೆ ಬರುತ್ತದೆ. ನಿಮಿಷಗಟ್ಟಲೆ ಕೆಂಪಗೆ ಅಥವಾ ಮಬ್ಬಾಗಿ ಒದ್ದಾಡಿದರೆ ಅದರ ಆಯುಸ್ಸು ಮುಗಿಯುತ್ತಿದೆ ಎಂದರ್ಥ. ಆನ್ ಆಗುವಾಗ ಗುಂಯ್ ಎಂಬ ಗಟ್ಟಿ ಸದ್ದು ಬಂದರೆ ಟ್ಯೂಬಿಗೆ ಅಂಟಿದ ಅಯಸ್ಕಾಂತ ಗುಣವನ್ನು ಅಳಿಸುವ ಡಿಗಾಸ್ ಸುರುಳಿ ಬದುಕಿದೆ, ಒಳ್ಳೆಯದು. ಬಿಳಿ ಚಿತ್ರ ಹಾಕಿ ಮೂಲೆಗಳಲ್ಲಿ ಹಸಿರೋ ನೇರಳೆಯೋ ಮಚ್ಚೆಗಳಿವೆಯೇ ನೋಡುತ್ತೇನೆ. ಪಕ್ಕದಲ್ಲಿಟ್ಟ ಸ್ಪೀಕರಿನ ಅಯಸ್ಕಾಂತದಿಂದ ಬಂದ ಮಚ್ಚೆ ನಾಲ್ಕಾರು ಸಲ ಡಿಗಾಸ್ ಆದರೆ ಹೋಗುತ್ತದೆ. ಅದೇ ಬಿಳಿಯಲ್ಲಿ ಸುದ್ದಿ ವಾಹಿನಿಯ ಲಾಂಛನದ ಕಲೆ ಮೂಲೆಯಲ್ಲಿ ಅಚ್ಚೊತ್ತಿದ್ದು ಕಂಡರೆ, ಆ ಟಿವಿ ಹೋಟೆಲಿನಲ್ಲೋ ಆಸ್ಪತ್ರೆಯಲ್ಲೋ ಹಗಲುರಾತ್ರಿ ಓಡಿದೆ ಎಂದು ತಿಳಿದು ವಾಪಸು ಬರುತ್ತೇನೆ. ಚೌಕುಳಿ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂಬುದು ಕೊನೆಯ ಪರೀಕ್ಷೆ. ಅಂಚಿನಲ್ಲಿ ಸ್ವಲ್ಪ ಬೇರೆಯಾದರೆ ಸಹಿಸಬಹುದು, ನಡುವೆಯೇ ಬೇರೆಯಾಗಿದ್ದರೆ ಬೇಡ.

ನನ್ನ ಚಪ್ಪಟೆ ಟಿವಿಯಲ್ಲಿ ನೆಟ್ಟಗಿರಬೇಕಾದ ಗೆರೆ ಎಡ ಅಂಚಿಗೆ ಬರುವಾಗ ಬಾಗುತ್ತದೆ. ಚಪ್ಪಟೆ ಗಾಜಿನ ಟ್ಯೂಬುಗಳಲ್ಲಿ ಇದು ಸಾಮಾನ್ಯ ದೂರು. ಮೆಕ್ಯಾನಿಕ್‌ಗಳಿಗೆಂದು ಟಿವಿಯೊಳಗೇ ಅಡಗಿಸಿಟ್ಟ ಸರ್ವಿಸ್ ಮೆನುವಿನಲ್ಲಿ ತಿದ್ದಿ ಬಹುಪಾಲು ಸರಿಪಡಿಸಿಕೊಂಡಿದ್ದೇನೆ. ತಿದ್ದುವ ಮೊದಲು ಪ್ರತಿ ಅಂಕಿಯನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕನ್ಸೋಲಿನಲ್ಲೇ ಓಡುವ 240ಪಿ ಟೆಸ್ಟ್ ಸೂಟ್ ಎಂಬ ಉಚಿತ ತಂತ್ರಾಂಶದ ಚೌಕುಳಿ ಚಿತ್ರವನ್ನೇ ಆಧಾರವಾಗಿಟ್ಟುಕೊಳ್ಳುವುದು ಉತ್ತಮ. ಆದರೆ ಟಿವಿಯ ಹಿಂಬದಿಯ ಮುಚ್ಚಳ ಬಿಚ್ಚುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಅದು ಅನುಭವಿ ಮೆಕ್ಯಾನಿಕ್‌ನ ಕೆಲಸ.

ಇನ್ನು ಕೇಬಲ್. ಹಳದಿ ಪಿನ್ನಿನ ಕಾಂಪೋಸಿಟ್‌ನಲ್ಲಿ ಬೆಳಕು ಮತ್ತು ಬಣ್ಣ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಅವನ್ನು ಮತ್ತೆ ಬೇರ್ಪಡಿಸಬೇಕು, ಆ ಕೆಲಸ ಯಾವತ್ತೂ ಪೂರ್ತಿ ಆಗುವುದಿಲ್ಲ. ಕೆಂಪು ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಇರುವೆ ಸಾಲಿನಂತೆ ಹರಿಯುವುದು ಇದರಿಂದಲೇ. ಎಸ್-ವಿಡಿಯೊದಲ್ಲಿ ಬೆಳಕಿಗೊಂದು, ಬಣ್ಣಕ್ಕೊಂದು ತಂತಿ. ಸೂಪರ್ ಫ್ಯಾಮಿಕಾಮ್‌ನ ಕೇಬಲ್ಲನ್ನು ಹಳದಿ ಪಿನ್ನಿನಿಂದ ಎಸ್-ವಿಡಿಯೊಗೆ ಬದಲಿಸಿದಾಗ ಆದ ವ್ಯತ್ಯಾಸ ಎಷ್ಟೆಂದರೆ, ಮಾತಿನ ಚೌಕದಲ್ಲಿ ಬರುವ ಸಣ್ಣ ಜಪಾನಿ ಅಕ್ಷರಗಳ ಒಳಗೆರೆಗಳನ್ನು ಸೋಫಾದಲ್ಲಿ ಕುಳಿತೇ ಎಣಿಸಬಹುದು. ಅದಕ್ಕೂ ಮೇಲಿನವು ಎರಡು: ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ ಇರುವ ಆರ್‌ಜಿಬಿ, ಬೆಳಕಿಗೊಂದು ಬಣ್ಣಕ್ಕೆರಡು ತಂತಿ ಇರುವ ಕಾಂಪೊನೆಂಟ್. ಅವುಗಳಲ್ಲಿ ಚಿತ್ರ ಇನ್ನೂ ಶುಚಿಯಾಗುತ್ತದೆ, ಸಂಶಯವಿಲ್ಲ. ಆದರೆ ನನ್ನ ಕಣ್ಣಿಗೆ ಎಸ್-ವಿಡಿಯೊದವರೆಗಿನ ಹೆಜ್ಜೆಯೇ ದೊಡ್ಡದು, ಅದರ ನಂತರದ್ದು ಚಿಕ್ಕದು.

ಯುರೋಪಿನವರು ಸ್ಕಾರ್ಟ್ ಎಂಬ ಅಗಲವಾದ ಪ್ಲಗ್ಗಿನ ಮೂಲಕ ಆರ್‌ಜಿಬಿ ಬಳಸುತ್ತಾರೆ. ನಮ್ಮಲ್ಲಿ ಮಾರಾಟವಾದ ಟಿವಿಗಳಲ್ಲಿ ಆ ಕಿಂಡಿ ಕಾಣಸಿಗುವುದು ಅಪರೂಪ. ಅಲ್ಲಿನವರ ಸಲಹೆ ಓದಿ ಸ್ಕಾರ್ಟ್ ಕೇಬಲ್ ತರಿಸಿಕೊಂಡರೆ ಚುಚ್ಚಲು ಜಾಗವೇ ಇರುವುದಿಲ್ಲ. ಇಲ್ಲಿಗೆ ಹೊಂದುವ ದಾರಿ ಬೇರೆ ಇದೆ: ಆರ್‌ಜಿಬಿಯನ್ನು ಕಾಂಪೊನೆಂಟ್‌ಗೆ ಬದಲಿಸುವ ಸಣ್ಣ ಪೆಟ್ಟಿಗೆ ಇಟ್ಟು, ಡಿವಿಡಿಗೆಂದು ಕೊಟ್ಟ ಮೂರು ಪಿನ್‌ಗಳಿಗೆ ಜೋಡಿಸುವುದು. ಸೂಪರ್ ನಿಂಟೆಂಡೊದ (ಸೂಪರ್ ಫ್ಯಾಮಿಕಾಮ್‌ಗೆ ಜಪಾನಿನ ಹೊರಗಿನ ಹೆಸರು) ಆರ್‌ಜಿಬಿ ಕೇಬಲ್ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಯಂತ್ರದ ಕೇಬಲ್ ಮತ್ತು ಜಪಾನ್-ಅಮೆರಿಕದ ಯಂತ್ರದ ಕೇಬಲ್ ಹೊರಗೆ ಒಂದೇ ಥರ ಕಂಡರೂ ಒಳಗಿನ ಬಿಡಿಭಾಗಗಳು ಬೇರೆ. ಅದಲುಬದಲಾದರೆ ಬೆಳಕಿನ ಮಟ್ಟವೇ ಕೆಡುತ್ತದೆ.

ಪ್ಲೇಸ್ಟೇಷನ್ 2ಕ್ಕೆ ಕಾಂಪೊನೆಂಟ್ ಕೇಬಲ್ ನೇರವಾಗಿಯೇ ಸಿಗುತ್ತದೆ. ನಾನು ಅತಿ ಹೆಚ್ಚು ಬಳಸುವ ಜೋಡಿ ಇದೇ. ಜೋಡಿಸುವ ಮೊದಲು ಹಳದಿ ಪಿನ್ನಿನಲ್ಲೇ ಆನ್ ಮಾಡಿ, ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬುದನ್ನು ಆರ್‌ಜಿಬಿಯಿಂದ ಇನ್ನೊಂದು ಆಯ್ಕೆಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಚಿತ್ರ ಸರಿಯಾಗಿ ಮೂಡುವುದಿಲ್ಲ, ಕೇಬಲ್ಲೇ ಕೆಟ್ಟಿದೆ ಎಂದು ವಾಪಸು ಕೊಡುವಿರಿ. ಕೆಲವು ಆಟಗಳು 480ಪಿ (480 ಸಾಲುಗಳನ್ನೂ ಒಂದೇ ಕಂತಿನಲ್ಲಿ ಕಳಿಸುವ ಬಗೆ) ಬೇಕೇ ಎಂದು ಕೇಳುತ್ತವೆ. ಸಾಮಾನ್ಯ ಟ್ಯೂಬ್ ಟಿವಿ ಅದನ್ನು ತೋರಿಸಲಾರದು, ಬೇಡವೆನ್ನಿ. ಇದೇ ಕೇಬಲ್ಲಿನಲ್ಲಿ ಮೊದಲ ಪ್ಲೇಸ್ಟೇಷನ್ನಿನ ಡಿಸ್ಕ್‌ಗಳು ಅವುಗಳ ಮೂಲ 240 ಸಾಲಿನಲ್ಲೇ ಬರುತ್ತವೆ, ನೋಡಲು ಬಹಳ ಚೆಂದ.

ಮೆಗಾ ಡ್ರೈವ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬಹುಮತದ ವಿರುದ್ಧ. ಅದರಲ್ಲಿ ಎಸ್-ವಿಡಿಯೊ ಇಲ್ಲ. ಒಂದೋ ಹಳದಿ ಪಿನ್ನು, ಇಲ್ಲವೇ ಆರ್‌ಜಿಬಿ. ಅದರ ಕಾಂಪೋಸಿಟ್ ಒರಟು, ಕಾಮನಬಿಲ್ಲಿನ ಪಟ್ಟೆಗಳು ಕಾಣುತ್ತವೆ ಎಂಬ ದೂರು ಸರಿಯಾದದ್ದೇ. ಆದರೆ 1991ರ ಸೋನಿಕ್ ಆಟದ ಮೊದಲ ವಲಯದಲ್ಲಿರುವ ಜಲಪಾತವನ್ನು ಎರಡು ಕೇಬಲ್ಲಿನಲ್ಲೂ ನೋಡಿ. ಆ ಯಂತ್ರಕ್ಕೆ ಪಾರದರ್ಶಕ ಬಣ್ಣ ತೋರಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಕಲಾವಿದರು ನೀರನ್ನು ಒಂದು ಬಿಟ್ಟು ಒಂದರಂತೆ ನಿಂತ ಗೆರೆಗಳಾಗಿ ಬರೆದರು. ಆರ್‌ಜಿಬಿಯಲ್ಲಿ ಆ ಗೆರೆಗಳು ಜಾಲರಿಯಂತೆ ಎದ್ದು ಕಾಣುತ್ತವೆ. ಹಳದಿ ಪಿನ್ನಿನಲ್ಲಿ ಅವು ಒಂದಕ್ಕೊಂದು ಕರಗಿ, ಹಿಂದಿನ ಬಂಡೆ ತೋರುವ ತಿಳಿನೀರಾಗುತ್ತವೆ. ಇದಕ್ಕಾಗಿ ನನ್ನ ಮೆಗಾ ಡ್ರೈವ್ 21 ಇಂಚಿನ ಟ್ರಿನಿಟ್ರಾನ್‌ನಲ್ಲಿ ಕಾಂಪೋಸಿಟ್ ಕೇಬಲ್ಲಿನಲ್ಲೇ ಉಳಿದಿದೆ. ಅಕ್ಷರ ಹೆಚ್ಚಿರುವ ಆಟಗಳನ್ನೇ ಆಡುವವರು ಆರ್‌ಜಿಬಿ ಆರಿಸಿಕೊಂಡರೆ ನನ್ನ ತಕರಾರಿಲ್ಲ.

ಟಿವಿ ಗೇಮ್ ನಕಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಟೆನಾ ತಂತಿಯಲ್ಲಿ ಗದ್ದಲ ಜಾಸ್ತಿ, ಹಿಂದೆ ಎವಿ ಪಿನ್ ಇದ್ದರೆ ಅದನ್ನೇ ಬಳಸಿ.

ಕೇಬಲ್ಲಿನ ಗುಣಮಟ್ಟಕ್ಕೆ ಚಿನ್ನದ ಲೇಪ ನೋಡಿ ಮರುಳಾಗಬೇಡಿ. ಒಳಗೆ ಪ್ರತಿ ವಿಡಿಯೊ ತಂತಿಗೂ ಅದರದೇ ಹೆಣೆದ ಕವಚವಿರಬೇಕು, 75 ಓಮ್‌ನ ಕೊಯಾಕ್ಸಿಯಲ್ ಆಗಿರಬೇಕು. ಅಂಗಡಿಯೊಂದರಲ್ಲಿ ಕೊಂಡ ತೆಳು ಕಾಂಪೊನೆಂಟ್ ಕೇಬಲ್ಲಿನಲ್ಲಿ ಪರದೆ ಬೆಳ್ಳಗಾದಾಗಲೆಲ್ಲ ಸ್ಪೀಕರಿನಲ್ಲಿ ಜೀರುಂಡೆಯ ಸದ್ದು ಬರುತ್ತಿತ್ತು. ಕತ್ತರಿಸಿ ನೋಡಿದರೆ ಐದು ತಂತಿಗೂ ಕವಚವೇ ಇರಲಿಲ್ಲ. ಈಗ ಕನ್ಸೋಲ್ ಬದಲಿಸುವ ಸ್ವಿಚ್ ಪೆಟ್ಟಿಗೆಯಿಂದ ಟಿವಿಯವರೆಗಿನ ದೂರಕ್ಕೆ ಸಿಸಿಟಿವಿಗೆ ಬಳಸುವ ಆರ್‌ಜಿ-59 ತಂತಿಯನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಮೀಟರ್ ಲೆಕ್ಕದಲ್ಲಿ ತಂದು, ಪಿನ್‌ಗಳನ್ನು ಬೆಸುಗೆ ಹಾಕಿಸಿಕೊಂಡಿದ್ದೇನೆ. ಖರ್ಚು ಕಡಿಮೆ, ಸದ್ದು ಪೂರ್ತಿ ನಿಂತಿದೆ.

ವೇಗದ ಮಾತು ಬಿಡುವಂತಿಲ್ಲ. ನಮ್ಮದು ಪಾಲ್ ದೇಶ, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ಪಾಲ್ ಮೆಗಾ ಡ್ರೈವ್‌ನಲ್ಲಿ ಹಲವು ಆಟಗಳು ಮೂಲಕ್ಕಿಂತ ಸುಮಾರು ಶೇ 17ರಷ್ಟು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಸಂಗೀತವೂ ಎಳೆದಂತೆ ಕೇಳುತ್ತದೆ. ಇಲ್ಲಿ ಮಾರಾಟವಾದ ಬಹುತೇಕ ಬಣ್ಣದ ಟಿವಿಗಳು, ಅದರಲ್ಲೂ 90ರ ದಶಕದ ನಂತರದವು, ಜಪಾನ್-ಅಮೆರಿಕದ 60 ಹರ್ಟ್ಸ್ ಪದ್ಧತಿಯಾದ ಎನ್‌ಟಿಎಸ್‌ಸಿ ಸಿಗ್ನಲ್ಲನ್ನೂ ತೋರಿಸುತ್ತವೆ. ಮೆನುವಿನಲ್ಲಿ ಕಲರ್ ಸಿಸ್ಟಂ ಆಟೋ ಇಟ್ಟರೆ ಸಾಕು. ಹಾಗಾಗಿ ಜಪಾನಿನ ಕನ್ಸೋಲ್ ತರಿಸುವುದೇ ಲೇಸು. ಆದರೆ ಅಲ್ಲಿನ ವಿದ್ಯುತ್ 100 ವೋಲ್ಟ್. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಅಡಾಪ್ಟರ್ ಸುಡುತ್ತದೆ, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆನ್ ಮಾಡಲೇಬೇಡಿ.

ದೀರ್ಘ ಬಳಕೆಯಲ್ಲಿ ಕಂಡ ಕಷ್ಟಗಳೂ ಇವೆ. 29 ಇಂಚಿನದು ಇಬ್ಬರು ಗಟ್ಟಿಗರು ಎತ್ತಬೇಕಾದ ಭಾರ, ಸಾಧಾರಣ ಟಿವಿ ಸ್ಟ್ಯಾಂಡ್ ಅದನ್ನು ತಾಳುವುದಿಲ್ಲ. ಅದರ ಪವರ್ ವಿಭಾಗದ ಕಪಾಸಿಟರ್‌ಗಳು ಒಣಗಿ ಚಿತ್ರ ಎರಡೂ ಬದಿಯಿಂದ ಕುಗ್ಗತೊಡಗಿದಾಗ, ಹಳೆಯ ಟಿವಿ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಹುಡುಕುವುದೇ ರಿಪೇರಿಗಿಂತ ದೊಡ್ಡ ಕೆಲಸವಾಯಿತು. ಅಂಥವರು ಸಿಕ್ಕರೆ ಅವರ ನಂಬರ್ ಜೋಪಾನ ಮಾಡಿ, ಅವರು ಕೇಳಿದಷ್ಟು ಕೊಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡುತ್ತೇನೆ, ಒಳಗೆ ತೇವ ನಿಲ್ಲಬಾರದು. ಸ್ಟೆಬಿಲೈಸರ್ ಇಲ್ಲದೆ ಎರಡನ್ನೂ ನಡೆಸುವುದಿಲ್ಲ.

ಟ್ಯೂಬು ನಿಜಕ್ಕೂ ಸತ್ತರೆ ಗುಜರಿಗೆ ಹಾಕಬೇಡಿ. ಗಾಜಿನಲ್ಲಿ ಸೀಸವಿದೆ, ತಾಮ್ರಕ್ಕಾಗಿ ಒಡೆಯುವವರ ಕೈಗೂ ಮಣ್ಣಿಗೂ ಅದು ವಿಷ. ಬಿಡಿಭಾಗಗಳಿಗಾಗಿ ಮೆಕ್ಯಾನಿಕ್‌ಗೆ ಕೊಡಿ, ಉಳಿದದ್ದನ್ನು ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ.